ವೆಂಡಲ್‌ನ ನಿದ್ದೆಗಿಡ

“ಕತ್ತಲೆಯಾ? ಒಂದು ನಿಮಿಷವೂ ಬೇಡ!” ಎಂದು ವೆಂಡಲ್ ಮೈಕಿನಲ್ಲಿ ಹೇಳಿದ್ದೇ ತಡ, ಮುಂದಿನ ಸಾಲಿನಲ್ಲಿ ಪ್ಲಾಸ್ಟರ್ ಹಾಕಿದ ಕಾಲು ಚಾಚಿಕೊಂಡು ಕೂತಿದ್ದ ಪಕ್ಕದ ಮನೆಯ ಲೊರೇನ್ ಚಪ್ಪಾಳೆಗೆಂದು ಎತ್ತಿದ ಕೈಯನ್ನು ಹಾಗೇ ಇಳಿಸಿದಳು.

ಡ್ರೈ ಫೋರ್ಕ್ ಕಣಿವೆಯ ರೈತರ ಸಭಾಭವನವಾದ ಗ್ರೇಂಜ್ ಹಾಲ್‌ನಲ್ಲಿ ಗಾಂಜಾ ಬೆಳೆಗಾರರ ಸ್ಪರ್ಧೆ ನಡೆದಿತ್ತು. ಇಲ್ಲಿ ಮೊದಲ ಬಹುಮಾನ ಬಂದರೆ ಆ ಬೀಜಕ್ಕೆ ವರ್ಷವಿಡೀ ಗಿರಾಕಿ. ವೆಂಡಲ್ ತನ್ನ ಹೊಸ ತಳಿಗೆ ‘ಸಂಡೇ ಸರ್ಮನ್’ ಎಂದು ಹೆಸರಿಟ್ಟಿದ್ದ. ಭಾನುವಾರ ಪಾದ್ರಿಯ ಉಪದೇಶ ಕೇಳಿದವರಂತೆ, ಸೇದಿದವರೂ ಕೂತಲ್ಲೇ ತೂಕಡಿಸಬೇಕಂತೆ.

“ಇದರ ಅಜ್ಜಿ ಸೈಬೀರಿಯಾದ ರಸ್ತೆಬದಿ ಕಳೆ,” ಎಂದು ಅವನು ತೀರ್ಪುಗಾರ್ತಿ ಓಪಲ್‌ಳತ್ತ ತಿರುಗಿದ. “ಅಲ್ಲಿ ಬೇಸಿಗೆ ಅನ್ನೋದೇ ನಾಲ್ಕು ದಿನ. ಬೇರೆ ತಳಿಗಳ ಹಾಗೆ ರಾತ್ರಿ ಉದ್ದ ಆಗ್ಲಿ, ಆಮೇಲೆ ಹೂ ಬಿಡ್ತೀನಿ ಅಂತ ಕೂತ್ರೆ ಹಿಮ ಬಿದ್ದು ಸತ್ತೇ ಹೋಗುತ್ತೆ. ಅದಕ್ಕೇ ವಯಸ್ಸಿಗೆ ಬಂತಾ, ಹೂ ಬಿಡ್ತು, ಅಷ್ಟೇ! ಆ ಗುಣಾನ ನಮ್ಮ ಹಳೇ ತಳಿಗೆ ಕೂಡಿಸಿದೀನಿ. ರಾತ್ರಿಯೆಲ್ಲಾ ತಲೆ ಮೇಲೆ ಬಲ್ಬು ಉರಿಸಿ, ಕ್ಯಾರೇ ಅನ್ನಲ್ಲ.”

ಓಪಲ್ ಅವನ ಒಣಹೂವು ತುಂಬಿದ ಸೀಸೆ ಮೂಸಿದಳು. “ಮಾವಿನ ಹಣ್ಣು… ಒದ್ದೆ ಮಣ್ಣು… ಹಿಂದೇನೇ ಲ್ಯಾವೆಂಡರ್.”

“ಎಲ್ಲಾ ಟರ್ಪೀನ್ ಮಹಿಮೆ! ಗಿಡದ ಘಮ ಇರೋದೇ ಆ ಎಣ್ಣೇಲಿ. ಮಾವಿನ ವಾಸನೆ ಮಿರ್ಸೀನ್‌ದು, ಲ್ಯಾವೆಂಡರ್ ಲಿನಲೂಲ್‌ದು. ಎರಡೂ ಸೇರಿದ್ರೆ ಆನೆನೂ ಗೊರಕೆ ಹೊಡೀಬೇಕು. ನಾನೇ ದಿನಾ ಸೇದಿ ಮಲಗ್ತೀನಿ. ಮಂಚದ ಕೆಳಗೆ ಪಟಾಕಿ ಹಚ್ಚಿದ್ರೂ ಎಚ್ಚರ ಆಗಲ್ಲ.”

ಡ್ರೈ ಫೋರ್ಕ್‌ನಲ್ಲಿ ಒಂದು ಮರ್ಯಾದೆ ಇದೆ. ಗಿಡ ಹೂವಿಗೆ ಬಂದಾಗ ಬೆಳೆದವರು ಬಂದು ಕೇಳಿದರೆ ಪಕ್ಕದ ಮನೆಯವರು ಅಂಗಳದ ದೀಪ ಆರಿಸಬೇಕು. ಹಳೇ ತಳಿಗೆ ಇರುಳಲ್ಲಿ ಬೆಳಕು ಬಿದ್ದರೆ ಹೂವು ಕೆಡುತ್ತದೆ. ಆಗಲ್ಲ ಅಂದವರನ್ನು ಊರು ಬಾವಿಗೆ ವಿಷ ಹಾಕಿದವರ ಹಾಗೆ ನೋಡುತ್ತದೆ. ಜುಲೈ ಕೊನೆಯಲ್ಲಿ ವೆಂಡಲ್ ಟೋಪಿ ಕೈಯಲ್ಲಿ ಹಿಡಿದು ಲೊರೇನಳ ಬಾಗಿಲಿಗೆ ಬಂದು, “ಗಿಡಕ್ಕೋಸ್ಕರ ದೊಡ್ಡ ಮನಸ್ಸು ಮಾಡಿ” ಎಂದಿದ್ದ. ಅವಳು ಮಾಡಿದಳು. ಆಗಸ್ಟಿನಲ್ಲಿ ಒಂದು ರಾತ್ರಿ ಬೆಕ್ಕನ್ನು ಕರೆಯಲು ಹೊರಗೆ ಬಂದು, ಕತ್ತಲಲ್ಲಿ ಮೆಟ್ಟಿಲು ಕಾಣದೆ ಬಿದ್ದು ಕಾಲು ಮುರಿದುಕೊಂಡಳು. ಇವತ್ತು ಚಪ್ಪಾಳೆಗೆ ಜನ ಬೇಕೆಂದು ಅವನೇ ತನ್ನ ಟ್ರಕ್ಕಿನಲ್ಲಿ ಕೂರಿಸಿಕೊಂಡು ಬಂದಿದ್ದ, ಪುಣ್ಯಾತ್ಮ.

“ವೆಂಡಲ್, ನಮ್ಮ ಬೇಲಿ ಪಕ್ಕ ಹಾಕಿದ್ದು ಇದೇ ಗಿಡ ತಾನೆ?” ಲೊರೇನ್ ಕೂತಲ್ಲಿಂದಲೇ ಕೇಳಿದಳು.

“ಹೌದು… ಅಂದ್ರೆ…”

“ಬೇರೇದೇನಾದ್ರೂ ಇತ್ತಾ?”

“ಇಲ್ಲ.”

“ಮತ್ತೆ ನನ್ನ ದೀಪ ಯಾಕಪ್ಪಾ ಆರಿಸೋಕೆ ಹೇಳ್ದೆ?”

ವೆಂಡಲ್ ಮೈಕನ್ನು ಬಾಯಿಂದ ದೂರ ಸರಿಸಿದ. “ಸ್ವಲ್ಪ ಕತ್ತಲೆ ಇದ್ರೆ ಗಿಡಕ್ಕೂ ಒಂಥರಾ…”

“ಬೇಕಾ, ಬೇಡ್ವಾ?” ಓಪಲ್ ಗದರಿದಳು. “ಬೇಕು ಅಂದ್ರೆ ಇದು ನೀನು ಹೇಳಿದ ತಳಿನೇ ಅಲ್ಲ. ಸ್ಪರ್ಧೆಯಿಂದ ಈಗ್ಲೇ ಹೊರಗೆ ಹಾಕ್ತೀನಿ.”

“ಬೇಡ, ಬೇಡ! ಗಿಡಕ್ಕೆ ಬೇಡ.” ಅವನ ಕಿವಿ ಕೆಂಪಾಯಿತು. “ಆ ಬಲ್ಬಿನ ಬೆಳಕು ಸೀದಾ ನಾನು ಮಲಗೋ ಕೋಣೆಗೆ ಬೀಳುತ್ತೆ. ಒಂದು ಗಳಿಗೆ ಕಣ್ಣು ಹತ್ತಲ್ಲ. ನನಗೋಸ್ಕರ ಅಂದಿದ್ರೆ ಕಿಟಕಿಗೆ ಪರದೆ ಹಾಕ್ಕೋ ಅಂತಿದ್ರಿ. ಗಿಡಕ್ಕೆ ಅಂದ್ರೆ ಈ ಊರಲ್ಲಿ ಯಾರೂ ಎದುರು ಮಾತಾಡಲ್ಲ.”

“ಪಟಾಕಿಗೂ ಏಳದೋನು ನನ್ನ ಬಡ ಬಲ್ಬಿಗೆ ಎದ್ದು ಕೂತ್ಯಾ?” ಎಂದಳು ಲೊರೇನ್. “ಹಾಗಾದ್ರೆ ಆ ಸೀಸೇಲಿರೋದೇನು, ಒಣಹುಲ್ಲಾ?”

ಹಾಲ್ ಗೊಳ್ಳೆಂದಿತು. ಓಪಲ್ ಸೀಸೆಯ ಮುಚ್ಚಳ ತಿರುಗಿಸಿ ಅದನ್ನು ಮೇಜಿನ ಕೆಳಗಿಟ್ಟಳು. ಬಹುಮಾನದ ಕಥೆ ಅಲ್ಲಿಗೆ ಮುಗಿಯಿತು. ನಗು ಇಳಿಯುತ್ತಿದ್ದಂತೆ ಬೆಳೆಗಾರರಿಗೆ ರೋಷ ಉಕ್ಕಿತು. ಗಿಡದ ಹೆಸರಲ್ಲಿ ಸುಳ್ಳು! ಇಂಥವನನ್ನು ಊರಲ್ಲಿ ಇಟ್ಟುಕೊಳ್ಳಬಾರದು ಎಂದು ಒಬ್ಬ, ಬೀಜ ಕೊಳ್ಳಬಾರದು ಎಂದು ಇನ್ನೊಬ್ಬ. ಒಬ್ಬರಾದರೂ ಲೊರೇನಳ ಕಾಲಿನ ಕಡೆ ನೋಡಲಿಲ್ಲ. ಅವಳಿಗೆ ನೋವಿಗಿಂತ ಅದೇ ಹೆಚ್ಚು ಉರಿಯಿತು.

ಕೊನೆಗೆ ಓಪಲ್ ವೇದಿಕೆ ಇಳಿದು ಬಂದು ಅವಳ ಪಕ್ಕ ಕೂತು, ಎರಡೂ ಕೈ ಹಿಡಿದುಕೊಂಡಳು. ಓಪಲ್‌ಳ ಕಣ್ಣು ಒದ್ದೆಯಾಗಿತ್ತು. ಸದ್ಯ, ಒಬ್ಬಳಾದರೂ ಬಂದಳಲ್ಲ ಎಂದು ಲೊರೇನ್ ಅವಳತ್ತ ವಾಲಿದಳು.

“ಎಂಥಾ ಅನ್ಯಾಯ ಲೊರೇನಕ್ಕ! ಇವನಿಂದ ನಮ್ಮಂಥ ನಿಯತ್ತಿನವರ ಮಾತಿಗೂ ಬೆಲೆ ಇಲ್ಲದ ಹಾಗಾಯ್ತು.” ಓಪಲ್ ಇನ್ನಷ್ಟು ಹತ್ತಿರ ಸರಿದು ದನಿ ತಗ್ಗಿಸಿದಳು. “ನಿಮ್ಮ ದೀಪದ ಬೆಳಕು ಹಳ್ಳ ದಾಟಿ ನಮ್ಮ ತೋಟಕ್ಕೂ ಬೀಳುತ್ತೆ. ನಮ್ಮವು ನಿಜವಾಗ್ಲೂ ಹಳೇ ತಳಿ, ದೇವರಾಣೆ. ಅಕ್ಟೋಬರ್‌ವರೆಗೆ ಹಾಗೇ ಆರಿಸಿಟ್ಟಿರ್ತೀರಲ್ವಾ?”

ಲೊರೇನ್ ಕಷ್ಟಪಟ್ಟು ಎದ್ದು ನಿಂತಳು. ಒಂದು ಊರುಗೋಲನ್ನು ನೆಲಕ್ಕೆ ಭದ್ರವಾಗಿ ಊರಿಕೊಂಡಳು, ಇನ್ನೊಂದನ್ನು ಓಪಲ್‌ಳ ತಲೆಯ ಮೇಲಕ್ಕೆತ್ತಿದಳು.