ಸಾಸರಿನ ಸದ್ದು

ಚಿನ್ನದ ಗಣಿಯ ಬಂಗಲೆಯಲ್ಲಿ ದೊರೆಸಾನಿಗೆ ಟೀ ಮಾಡೋದು ಕಲಿಸಿದವಳೇ ನಾನು, ತಿಳಿಯಿತಾ ಮಗಾ? ಅರ್ಧ ಸುಳ್ಳು ಬಿಡು, ಅಲ್ಲಿ ನಾನು ಕಪ್ಪು ತೊಳೆಯುತ್ತಿದ್ದೆ. ಆದರೆ ಅವಳ ಶಿಸ್ತನ್ನೆಲ್ಲ ಮನೆಗೆ ಹೊತ್ತು ತಂದಿದ್ದೆ. ನಮ್ಮ ಯಜಮಾನರು ಸಾಸರಿಗೆ ಸುರಿದುಕೊಂಡು ಟೀ ಹೀರಿದರೆ ಮೂರೂರಿಗೆ ಕೇಳಿಸುತ್ತಿತ್ತು.

"ಮೆಲ್ಲಗೆ ಕುಡೀರಿ, ದೊರೆಸಾನಿ ಕೇಳಿಸ್ಕೊಂಡ್ರೆ ನನ್ ಮರ್ಯಾದೆ ಹೋಗ್ತದೆ" ಎಂದು ದಿನಾ ಬೈಯುತ್ತಿದ್ದೆ.

ಆಮೇಲೆ ಅವರಿಗೆ ವಿಷಮಜ್ವರ ಬಂತು. ಕಣ್ಣು ತೆರೆಯಲಿಲ್ಲ, ಗಂಜಿಯೂ ಒಳಗಿಳಿಯಲಿಲ್ಲ.

"ಒಂದ್ ಗುಟುಕು ನುಂಗಿದ್ರೆ ಉಳೀತಾನಮ್ಮ, ಇಲ್ದಿದ್ರೆ ಇಲ್ಲ" ಎಂದರು ಡಾಕ್ಟರು.

ನಾನು ಸಾಸರನ್ನು ಅವರ ತುಟಿಗೆ ಹಿಡಿದೆ. "ಕುಡೀರಿ. ಊರಿಗೇ ಕೇಳಂಗೆ ಹೀರ್ರಿ, ಇನ್ಮೇಲೆ ಬೈಯಲ್ಲ."

ಟೀ ಕೆನ್ನೆಯ ಮೇಲಿಳಿದು ದಿಂಬು ಒದ್ದೆಯಾಯಿತು.

ನೋಡಲು ಬಂದಿದ್ದ ದೊರೆಸಾನಿಗೆ ಅರೆಬರೆ ಕನ್ನಡ ಬರುತ್ತಿತ್ತು. ಬಾಗಿಲಲ್ಲಿ ನಿಂತು ಎಲ್ಲ ಕೇಳಿದವಳು ಚಾಪೆಯ ಮೇಲೆ ಕೂತಳು, ನನ್ನ ಕೈಯಿಂದ ಸಾಸರು ಕಸಿದುಕೊಂಡಳು, ಅವರ ಕಿವಿಯ ಹತ್ತಿರವೇ ಸೊರ್ರೆಂದು ಹೀರಿದಳು.

ಯಜಮಾನರ ತುಟಿ ಅಲುಗಿತು.

"ಮೆಲ್ಲಗೆ ಕುಡಿಯೇ, ದೊರೆಸಾನಿ ಕೇಳಿಸ್ಕೊಂಡಾಳು."

ಸಾಸರಿನಲ್ಲಿ ಉಳಿದದ್ದನ್ನು ಯಾರು ಹೀರಿದರು, ಅದು ಎಷ್ಟೂರಿಗೆ ಕೇಳಿಸಿತು, ನೀನೇ ಹೇಳು ನೋಡೋಣ.