ಹೊಸ್ತಿಲಿದ್ದ ಚೌಕ

ಮುಳುಗಿದ ಊರುಗಳ ಕಡಲತಳದ ನಕ್ಷೆಗೆ ಚೌಕ ಚೌಕವಾಗಿ ಬಣ್ಣ ತುಂಬುವುದು ಕನಕಾ ಖಾರ್ವಿಯ ಕೆಲಸ. ಜೀವಂತ ಹವಳವಿದ್ದರೆ ಕೆಂಪು. ಅದನ್ನು ಯಾರೂ ಮುಟ್ಟುವಂತಿಲ್ಲ. ಬರಿಯ ಕಲ್ಲಿದ್ದರೆ ಬೂದು. ಯಂತ್ರಗಳು ಅದನ್ನು ಬಾಚಿ ತಂದು ತಡೆಗೋಡೆಗೆ ಸುರಿಯುತ್ತವೆ.

ಅಂದು ಪರದೆಗೆ ಬಂದ ಚೌಕದ ಚಿತ್ರದಲ್ಲಿ ಅವಳ ತವರಿನ ಒರಳುಕಲ್ಲು ಕಂಡಿತು, ಪಕ್ಕದಲ್ಲಿ ಹೊಸ್ತಿಲು. ಊರೆಲ್ಲ ದೋಣಿ ಹತ್ತಿದ ದಿನ, “ನಾನ್ ಬತ್ತಿಲ್ಲೆ” ಎಂದು ಅಮ್ಮ ಆ ಹೊಸ್ತಿಲ ಮೇಲೆಯೇ ಕೂತುಬಿಟ್ಟಿದ್ದಳು. ಹವಳ ಮಾತ್ರ ಅಲ್ಲಿ ಚೂರೂ ಬೆಳೆದಿರಲಿಲ್ಲ.

“ಕೆಂಪೇ ಹಾಕ್ ಮಾರಾಯ್ತಿ, ಯಾರ್ ಮುಳ್ಗಿ ಕಾಂತ್ರ್?” ಎಂದಳು ಪಕ್ಕದ ಕುರ್ಚಿಯ ಬೇಬಿ.

ಕನಕಾ ಕಿಟಕಿಯಾಚೆ ನೋಡಿದಳು. ಉಬ್ಬರದ ನೀರು ಗೋಡೆ ದಾಟಲು ಗೇಣಷ್ಟೇ ಬಾಕಿಯಿತ್ತು. ಗೋಡೆಯ ಈಚೆ, ಬುಡದ ಶೆಡ್ಡಿನಲ್ಲಿ ಅವಳ ಬಾಣಂತಿ ಮಗಳು ಮಲಗಿದ್ದಳು.

“ಈಗಾರೂ ಬಾ ಅಮ್ಮ,” ಎಂದು ಕನಕಾ ಬೂದು ತುಂಬಿದಳು.