ಡ್ರೈವರ್ ಬಾಗಿಲು

ಜರೀನಾಳ ತಮ್ಮನಿಗೆ ಗುದ್ದಿ ಕೊಂದ ಪಿಕಪ್ ಹಳ್ಳದ ಬದಿಯಲ್ಲಿ ಸಿಕ್ಕಿತ್ತು. ಓಡಿಸಿದವನು ಮಾತ್ರ ಸಿಗಲೇ ಇಲ್ಲ. ಕೇಸು ಮುಚ್ಚಿ ಗಾಡಿ ಗುಜರಿಗೆ ಬಂದಾಗ ಜರೀನಾ ಅದನ್ನು ತನ್ನ ಗ್ಯಾರೇಜಿಗೆ ಎಳೆಸಿಕೊಂಡು ಬಂದಳು. ಛಾವಣಿ ಕೊಯ್ದು ತಗ್ಗಿಸಿ, ದೊಡ್ಡ ಎಂಜಿನ್ ಕೂರಿಸಿ, ಕೆಂಡದ ಬಣ್ಣ ಹೊಡೆದು ಗುರುತೇ ಸಿಗದ ರೇಸ್ ಗಾಡಿ ಮಾಡಿದಳು.

ಡ್ರೈವರ್ ಬಾಗಿಲಿನ ಹಳೇ ಕೆಟ್ಟ ಲಾಕನ್ನು ಮಾತ್ರ ಹಾಗೇ ಬಿಟ್ಟಳು. ಆ ಬಾಗಿಲು ತೆರೆಯಲು ಒಂದು ಪಟ್ಟು ಇತ್ತು. ಅದು ಗೊತ್ತಾಗಲು ಅವಳಿಗೇ ವಾರ ಹಿಡಿದಿತ್ತು. ನೋಡಲು ಬಂದವರೆಲ್ಲ ಹಿಡಿ ಎಳೆದೆಳೆದು ಸೋತು ಅವಳನ್ನೇ ಕರೆಯುತ್ತಿದ್ದರು.

"ಇದೊಂದನ್ನ ರಿಪೇರಿ ಮಾಡಬಾರದಾ?"

"ಮಾಡೋಣ, ಇನ್ನೂ ಟೈಮ್ ಬಂದಿಲ್ಲ."

ಇವತ್ತು ಬಂದ ಗಿರಾಕಿ ಗಾಡಿಯ ಸುತ್ತ ಬೆರಗಾಗಿ ತಿರುಗಿದ.

"ಅಬ್ಬಾ! ಮೊದಲು ಇದು ಏನಾಗಿತ್ತು?"

"ಹಳೇ ಪಿಕಪ್ಪು. ನೀವು ಓಡಿಸಿದ್ದೀರಾ?"

"ಅಯ್ಯೋ, ಆ ಡಬ್ಬಾ ಗಾಡಿಗಳ ಹತ್ರ ನಾನು ಸುಳಿದವನೇ ಅಲ್ಲ. ಒಳಗೆ ಕೂತು ನೋಡ್ಲಾ?"

"ಕೂತ್ಕೊಳ್ಳಿ," ಎಂದಳು ಜರೀನಾ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡಲಿಲ್ಲ.

ಫೋನಿನ ಮೇಲೆ ಕಣ್ಣಿಟ್ಟುಕೊಂಡೇ ಅವನು ಹಿಡಿಯನ್ನು ಮೇಲಕ್ಕೆತ್ತಿ, ಬಾಗಿಲಿನ ಕೆಳತುದಿಗೆ ಮಂಡಿಯಿಂದ ಗುದ್ದಿ, ಒಂದೇ ಸಲಕ್ಕೆ ತೆರೆದ.